ಹಿಡಿದು ಬಿಟ್ಟ ಮೀನು ಏನಾಗುತ್ತದೆ?

ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಪಾಪ್ಯುಲೇಶನ್ ಪಾಠ ನಡೆದಿತ್ತು. ಒಂದು ಕೆರೆಯಲ್ಲಿ ಎಷ್ಟು ಮೀನುಗಳಿವೆ ಎಂದು ತಿಳಿಯಲು ಎಲ್ಲವನ್ನೂ ಎಣಿಸಬೇಕಾಗಿಲ್ಲ, ಒಂದು ಬಲೆಗೆ ಎಷ್ಟು ಬೀಳುತ್ತವೆ ಎಂದು ನೋಡಿದರೂ ಅಂದಾಜು ಸಿಗುತ್ತದೆ ಎಂಬ ಮಾತು ಆ ಪಾಠದಲ್ಲಿ ಬರುತ್ತದೆ. ಪರೀಕ್ಷೆಗೆ ಅಷ್ಟಾಗಿ ಕೇಳದ ವಾಕ್ಯವಾದ್ದರಿಂದ ಸಾಮಾನ್ಯವಾಗಿ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಆ ದಿನ ಪಾಠ ಮುಗಿದ ಮೇಲೆ ಮುನವಳ್ಳಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿ ಮೇಜಿನ ಹತ್ತಿರ ಬಂದ. ಅವನ ಮನೆಯವರು ಮಲಪ್ರಭೆಯ ಹಿನ್ನೀರಿನಲ್ಲಿ ಬಲೆ ಹಾಕುವವರು. ಅಮೆರಿಕದ ಮೀನು ಹಿಡಿಯುವ ಪಂದ್ಯದ ವಿಡಿಯೊ ನೋಡಿದ್ದನಂತೆ. ಲಕ್ಷಗಟ್ಟಲೆ ಡಾಲರ್ ಬಹುಮಾನ, ಕಾರಿಗಿಂತ ದುಬಾರಿ ದೋಣಿ, ಸಾವಿರಾರು ಜನರ ಚಪ್ಪಾಳೆ. ತೂಕ ಆದ ಮೇಲೆ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ಅವನ ಪ್ರಶ್ನೆ ಇಷ್ಟೇ: "ತಿನ್ನಂಗಿಲ್ಲಂದ್ರ ಹಿಡಿಯೂದ್ಯಾಕ್ರಿ ಸರ್? ಮತ್ತ ಬಿಟ್ಟ ಮ್ಯಾಲೆ ಅದು ಬದುಕತೈತೇನ್ರಿ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಮೊದಲನೆಯದಕ್ಕೆ ಆಮೇಲೆ ಬರೋಣ.

ಅವನು ನೋಡಿದ ಮೀನಿನ ಹೆಸರು ಬಾಸ್. ಅದರಲ್ಲೂ ಹೆಚ್ಚು ಪ್ರಸಿದ್ಧವಾದದ್ದು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್. ಉತ್ತರ ಅಮೆರಿಕದ ಪೂರ್ವ ಭಾಗದ ಕೆರೆ, ನದಿಗಳೇ ಅದರ ತವರು. ಬಾಯಿ ಮುಚ್ಚಿದಾಗ ದವಡೆ ಕಣ್ಣಿಗಿಂತ ಹಿಂದಕ್ಕೆ ಹೋಗುವಷ್ಟು ಉದ್ದ. ಸಣ್ಣ ಮೀನು, ಕಪ್ಪೆ, ಸಿಗಡಿ, ಕೆಲವೊಮ್ಮೆ ನೀರಿಗೆ ಬಿದ್ದ ಇಲಿಯನ್ನೂ ನುಂಗುತ್ತದೆ. ಗಾಳಕ್ಕೆ ಸಿಕ್ಕಾಗ ನೀರಿನಿಂದ ಮೇಲೆ ಹಾರಿ ತಲೆ ಒದರುತ್ತದೆ. ಆ ಹೋರಾಟವೇ ಆಟಗಾರರಿಗೆ ಇಷ್ಟ.

ಗಾಳ ಹಾಕುವುದು ಹಳೆಯ ಹವ್ಯಾಸವಾದರೂ ಅದನ್ನು ಇಂದಿನ ದೊಡ್ಡ ಪಂದ್ಯದ ರೂಪಕ್ಕೆ ತಂದವರು ರೇ ಸ್ಕಾಟ್ ಎಂಬ ವಿಮಾ ಏಜೆಂಟರು. 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಅವರು ಮೊದಲ ದೊಡ್ಡ ಪಂದ್ಯ ನಡೆಸಿದರು. 1971ರಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ವಾರ್ಷಿಕ ಪಂದ್ಯ ಶುರುವಾಯಿತು. ನಿಯಮ ಸರಳ: ದಿನಕ್ಕೆ ಇಂತಿಷ್ಟು ಮೀನು ಎಂಬ ಮಿತಿ, ಈಗ ಸಾಮಾನ್ಯವಾಗಿ ಐದು. ಅವುಗಳ ಒಟ್ಟು ತೂಕ ಯಾರದು ಹೆಚ್ಚೋ ಅವರು ಗೆದ್ದಂತೆ. ಆರಂಭದ ದಿನಗಳಲ್ಲಿ ಹಿಡಿದ ಮೀನುಗಳು ಸತ್ತೇ ತಕ್ಕಡಿಗೆ ಬರುತ್ತಿದ್ದವು. ಊರಿನವರು, ಉಳಿದ ಹವ್ಯಾಸಿಗಳು ಇದಕ್ಕೆ ಸಿಟ್ಟಾದರು. ನಮ್ಮ ಕೆರೆಯ ಮೀನೆಲ್ಲ ಒಂದೇ ದಿನದಲ್ಲಿ ಖಾಲಿಯಾದರೆ ನಾವೇನು ಮಾಡಬೇಕು ಎಂದು ಕೇಳಿದರು. 1972ರಲ್ಲಿ ಸ್ಕಾಟ್ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಕಾರ್ಯಕ್ರಮ ತಂದರು. ದೋಣಿಯೊಳಗೇ ನೀರಿನ ತೊಟ್ಟಿ ಇರಬೇಕು, ಅದಕ್ಕೆ ಪಂಪಿನಿಂದ ಗಾಳಿ ಹೋಗುತ್ತಿರಬೇಕು, ಸತ್ತ ಮೀನು ತಂದರೆ ತೂಕದಲ್ಲಿ ಕಡಿತ. ಸಂರಕ್ಷಣೆಯ ಕಾಳಜಿ ಎಷ್ಟು, ಪಂದ್ಯ ಉಳಿಸಿಕೊಳ್ಳುವ ಜಾಣತನ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇದ್ದವು ಎಂದುಕೊಂಡರೆ ತಪ್ಪಾಗಲಾರದು.

ಈಗ ಮೀನಿನ ಕಡೆಯಿಂದ ನೋಡಿ. ಗಾಳಕ್ಕೆ ಸಿಕ್ಕ ಮೀನು ಜೀವ ಬಿಟ್ಟು ಎಳೆಯುತ್ತದೆ. ನೂರು ಮೀಟರ್ ಓಟದಲ್ಲಿ ನಿಮ್ಮ ಸ್ನಾಯುವಿಗೆ ಆಗುವುದೇ ಅದಕ್ಕೂ ಆಗುತ್ತದೆ: ಬೇಕಾದಷ್ಟು ಆಮ್ಲಜನಕ ಸಿಗದೆ ಅವಾಯು ಉಸಿರಾಟ, ಲ್ಯಾಕ್ಟಿಕ್ ಆಮ್ಲದ ಶೇಖರಣೆ, ರಕ್ತದ ಪಿಎಚ್ ಇಳಿತ. ಓಟ ಮುಗಿದ ಮೇಲೆ ನೀವು ಏದುಸಿರು ಬಿಟ್ಟು ಸಾಲ ತೀರಿಸುತ್ತೀರಿ. ಮೀನಿಗೆ ಆ ಹೊತ್ತಿನಲ್ಲಿ ಉಸಿರಾಡಲು ನೀರೇ ಇರುವುದಿಲ್ಲ, ಏಕೆಂದರೆ ಅದನ್ನು ಮೇಲೆತ್ತಿ ಹಿಡಿದು ಫೋಟೊ ತೆಗೆಯುತ್ತಿರುತ್ತಾರೆ. ಗಾಳಿಯಲ್ಲಿ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅನಿಲ ವಿನಿಮಯದ ಮೇಲ್ಮೈ ಕುಗ್ಗುತ್ತದೆ. ಓಟ ಮುಗಿಸಿದವನ ಮೂಗು ಬಾಯಿ ಒತ್ತಿ ಹಿಡಿದು ಸೆಲ್ಫಿ ತೆಗೆದಂತೆ! ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ. ಆ ಲೋಳೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ವಿರುದ್ಧ ಮೀನಿಗಿರುವ ಮೊದಲ ಗೋಡೆ. ಆಳದಿಂದ ಬೇಗ ಮೇಲೆಳೆದರೆ ಒತ್ತಡ ಇಳಿದು ಒಳಗಿನ ಗಾಳಿಚೀಲ ಉಬ್ಬುತ್ತದೆ, ಮೀನು ಮತ್ತೆ ಕೆಳಗೆ ಇಳಿಯಲಾರದೆ ಮೇಲೆಯೇ ತೇಲುತ್ತದೆ.

ಬಿಸಿಲಿನ ಲೆಕ್ಕವೂ ಇದೆ. ರಸಾಯನಶಾಸ್ತ್ರದಲ್ಲಿ ಹೆನ್ರಿಯ ನಿಯಮ ಓದುವಾಗ, ಉಷ್ಣತೆ ಏರಿದಂತೆ ನೀರಿನಲ್ಲಿ ಅನಿಲ ಕರಗುವುದು ಕಡಿಮೆಯಾಗುತ್ತದೆ, ಆದ್ದರಿಂದ ಜಲಚರಗಳಿಗೆ ತಣ್ಣೀರೇ ಹಿತ ಎಂದು ಕಲಿತಿದ್ದೀರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಅದೇ ವೇಳೆಗೆ ಬೆಚ್ಚಗಿನ ನೀರಿನಲ್ಲಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚು. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ಬಾಸ್ ಪಂದ್ಯಗಳ ಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದೂ ಇದನ್ನೇ: ನೀರು ಬಿಸಿಯಾದಷ್ಟೂ ಬಿಟ್ಟ ಮೀನಿನ ಸಾವು ಹೆಚ್ಚು. ಮತ್ತೊಂದು ಮುಖ್ಯ ಸಂಗತಿ, ಎಲ್ಲ ಸಾವೂ ತಕ್ಕಡಿಯ ಮುಂದೆ ಆಗುವುದಿಲ್ಲ. ಚಪ್ಪಾಳೆಯ ನಡುವೆ ಈಜಿಕೊಂಡು ಹೋದ ಮೀನು ಮೂರ್ನಾಲ್ಕು ದಿನ ಬಿಟ್ಟು ತಳದಲ್ಲಿ ಸಾಯಬಹುದು. ಅದನ್ನು ತಡವಾದ ಸಾವು ಎನ್ನುತ್ತಾರೆ, ಯಾವ ವಿಡಿಯೊದಲ್ಲೂ ಅದು ಕಾಣುವುದಿಲ್ಲ.

ತೊಟ್ಟಿಯ ವ್ಯವಸ್ಥೆ, ಮೀನು ಹಿಡಿಯುವ ರೀತಿ ಸುಧಾರಿಸಿದ ಮೇಲೆ ಸಾವಿನ ಪ್ರಮಾಣ 1970ರ ದಶಕಕ್ಕಿಂತ ಕಡಿಮೆಯಾಗಿದೆ ಎನ್ನುವುದೂ ನಿಜ. 2011ರಲ್ಲಿ ಶುರುವಾದ ಮೇಜರ್ ಲೀಗ್ ಫಿಶಿಂಗ್ ಎಂಬ ಪಂದ್ಯದಲ್ಲಿ ಮೀನನ್ನು ದಡಕ್ಕೆ ತರುವುದೇ ಇಲ್ಲ. ದೋಣಿಯಲ್ಲೇ ತೂಗಿ, ಹಿಡಿದ ಜಾಗದಲ್ಲೇ ಬಿಡುತ್ತಾರೆ. ದಡಕ್ಕೆ ತಂದು ಬಿಟ್ಟರೆ ಒಂದೇ ಮೂಲೆಯಲ್ಲಿ ನೂರಾರು ಮೀನು ಗುಂಪಾಗುತ್ತವೆ, ತಮ್ಮ ಜಾಗಕ್ಕೆ ಮರಳಲು ಕೆಲವಕ್ಕೆ ವಾರಗಳೇ ಬೇಕು. ಆ ತೊಂದರೆ ಇಲ್ಲಿಲ್ಲ.

ಇನ್ನು ಗೂಡಿನ ವಿಷಯ. ಬಾಸ್‌ನಲ್ಲಿ ಮೊಟ್ಟೆ ಕಾಯುವುದು ಗಂಡು. ವಸಂತದಲ್ಲಿ ಅದು ಬಾಲದಿಂದ ತಳ ಗುಡಿಸಿ ತಟ್ಟೆಯಂತಹ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮರಿಗಳು ಈಜುವವರೆಗೆ ಗಂಡೇ ಕಾವಲು. ಹತ್ತಿರ ಬಂದದ್ದನ್ನೆಲ್ಲ ಕಚ್ಚುವ ಆ ಹೊತ್ತಿನಲ್ಲಿ ಗಾಳಕ್ಕೂ ಸುಲಭವಾಗಿ ಸಿಗುತ್ತದೆ. ಅದನ್ನು ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ತಂದೆ ಮೀನು ಬದುಕಿ ಮರಳಿದರೂ ಕಾಯಲು ಏನೂ ಉಳಿದಿರುವುದಿಲ್ಲ. ಹಾಗಾಗಿಯೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಲವು ಕಡೆ ಗೂಡಿನ ವಾರಗಳಲ್ಲಿ ಬಾಸ್ ಹಿಡಿಯುವುದಕ್ಕೆ ಅವಕಾಶವಿಲ್ಲ. ಒಂದು ಮೀನು ಉಳಿಯಿತೇ ಎಂಬುದಷ್ಟನ್ನೇ ನೋಡಿದರೆ ಸಾಲದು, ಅದರ ಪೀಳಿಗೆ ಉಳಿಯಿತೇ ಎಂದು ನೋಡಬೇಕು. ಪಾಪ್ಯುಲೇಶನ್ ಪಾಠದ ತಿರುಳೇ ಇದು.

ಆಟದಿಂದ ಮೀನಿಗೆ ಲಾಭವೇ ಇಲ್ಲವೇ? ಇದೆ. ಅಮೆರಿಕದಲ್ಲಿ 1950ರ ಒಂದು ಕಾನೂನಿನ ಪ್ರಕಾರ ಗಾಳ, ಕೋಲು, ದಾರಗಳ ಮೇಲೆ ವಸೂಲಾಗುವ ವಿಶೇಷ ತೆರಿಗೆ ರಾಜ್ಯಗಳ ಮೀನು ಸಂರಕ್ಷಣೆಗೇ ಹೋಗುತ್ತದೆ. ಕೆರೆ ಕೆಟ್ಟರೆ ಮೊದಲು ದನಿ ಎತ್ತುವವರೂ ಇದೇ ಹವ್ಯಾಸಿಗಳು. ತನ್ನ ತವರಿನಲ್ಲಿ, ಹಣ ಮತ್ತು ಕಾವಲು ಎರಡೂ ಇರುವ ಕಡೆ, ಬಾಸ್ ಆಟ ಬಾಸ್ ಸಂತತಿಯನ್ನು ಅಳಿಸಿಲ್ಲ.

ತವರು ಬಿಟ್ಟು ಹೊರಗೆ ಹೋದಾಗ ಕಥೆ ಬೇರೆ. 1925ರಲ್ಲಿ ಜಪಾನಿನ ಉದ್ಯಮಿಯೊಬ್ಬರು ಅಮೆರಿಕದಿಂದ ಈ ಬಾಸ್ ತಂದು ಆಶಿ ಸರೋವರಕ್ಕೆ ಬಿಟ್ಟರು. ಮುಂದೆ ಆಟದ ಹುಚ್ಚು ಹರಡಿದಂತೆ ಮೀನೂ ಕೆರೆಯಿಂದ ಕೆರೆಗೆ ಹರಡಿತು, ಜಪಾನಿನ ಅತಿ ದೊಡ್ಡ ಸರೋವರ ಬಿವಾಕ್ಕೂ ಬಂತು. ಬಿವಾದಲ್ಲಿ ಬೇರೆಲ್ಲೂ ಇಲ್ಲದ ಮೀನು ಜಾತಿಗಳಿವೆ. ಬಾಸ್‌ಗೆ ಅವು ತಟ್ಟೆಯಲ್ಲಿಟ್ಟ ಊಟ. ಜಗತ್ತಿನ ದಾಖಲೆಯ ಬಾಸ್‌ಗಳಲ್ಲಿ ಒಂದು ಸಿಕ್ಕಿದ್ದೂ ಅಲ್ಲೇ: 2009ರಲ್ಲಿ, ಹತ್ತು ಕಿಲೊಗಿಂತ ತುಸು ಹೆಚ್ಚು. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ ಮೀನಿನ ದಾಖಲೆಯನ್ನು ಅದು ಸರಿಗಟ್ಟಿತು. ಆಟಗಾರರಿಗೆ ಅದು ಸಂಭ್ರಮದ ಸುದ್ದಿ. ಆದರೆ ಪರದೇಶದ ಮೀನು ಅಷ್ಟು ಕೊಬ್ಬಲು ಬಿವಾದ ಎಷ್ಟು ಮೀನು ತಿಂದಿರಬೇಕು! ಬಿವಾ ಇರುವ ಶಿಗಾ ಪ್ರಾಂತ್ಯ 2003ರಲ್ಲಿ ಹಿಡಿದ ಬಾಸ್ ಅನ್ನು ಮತ್ತೆ ನೀರಿಗೆ ಬಿಡುವುದನ್ನೇ ನಿಷೇಧಿಸಿತು. ಅಮೆರಿಕದ ಪಂದ್ಯದಲ್ಲಿ ಮೀನು ಸತ್ತರೆ ತೂಕದಲ್ಲಿ ಕಡಿತ, ಬಿವಾದಲ್ಲಿ ಬಿಟ್ಟರೆ ತಪ್ಪು. ಮೀನು ಅದೇ, ನೀರು ಬೇರೆ. ಬಾಸ್ ಜೊತೆ ನಿಷೇಧಕ್ಕೆ ಒಳಗಾದ ಬ್ಲೂಗಿಲ್ ಎಂಬ ಮೀನಿನ ಕಥೆ ಇನ್ನೂ ವಿಚಿತ್ರ. 1960ರಲ್ಲಿ ಆಗಿನ ಯುವರಾಜ ಅಕಿಹಿಟೊ ಅವರಿಗೆ ಶಿಕಾಗೊ ನಗರದಿಂದ ಉಡುಗೊರೆಯಾಗಿ ಬಂದ ಮೀನು ಅದು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಅವರು ಅದರಿಂದಾದ ಹಾನಿಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಸ್ವತಃ ಮೀನುಗಳ ಮೇಲೆ ಸಂಶೋಧನೆ ಮಾಡಿದವರು ಅವರು. ತಿಳಿದವರ ಕೈಯಿಂದಲೂ ಹೀಗಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಪರಕೀಯ ಜಾತಿಗಳ ಆಕ್ರಮಣಕ್ಕೆ ವಿಕ್ಟೋರಿಯಾ ಸರೋವರದ ನೈಲ್ ಪರ್ಚ್ ಉದಾಹರಣೆ ಇದೆ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಬಿವಾ ಎಂದು ಬರೆದುಕೊಳ್ಳಿ.

ಇಷ್ಟೆಲ್ಲ ದೂರದ ಮಾತಾಯಿತು. ನಮ್ಮ ನಾಡಿನಲ್ಲಿ ಇಂಥದ್ದು ನಡೆದಿಲ್ಲವೇ ಎಂದರೆ, ನಡೆದಿದೆ.

ಗಾಳದ ಆಟ ನಮಗೆ ಇಂಗ್ಲಿಷರು ಕಲಿಸಿದ್ದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಕೋಲು, ದಾರ, ಗಾಳ ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ ಎಂಬ ವಿವರ, ಮೀನಿನ ಸುಮಾರು 35 ಬಗೆಗಳು ಅಲ್ಲಿವೆ. ಸವದತ್ತಿಯ ರಟ್ಟರು ಇದೇ ಚಾಲುಕ್ಯರ ಸಾಮಂತರು, ಅಂದರೆ ನಮ್ಮ ಸೀಮೆಯೂ ಆ ರಾಜ್ಯದೊಳಗಿತ್ತು. ನಮ್ಮ ಜಾನುವಾರು, ಪೈರುಗಳ ಬಗ್ಗೆ ಹಳಬರು ಬರೆದದ್ದನ್ನು ಓದುತ್ತೇವೆ, ಮೀನಿನ ಬಗ್ಗೆ ಬರೆದದ್ದು ಮಾತ್ರ ಇತಿಹಾಸ ವಿಭಾಗದವರಿಗೂ ಜೀವಶಾಸ್ತ್ರ ವಿಭಾಗದವರಿಗೂ ನಡುವೆ ಎಲ್ಲೋ ಬಿದ್ದುಹೋಗಿದೆ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದ ಆಟಗಾರರ ಕನಸಿನ ಮೀನು ಮಹಶೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲೇ ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಕಾವೇರಿಯ ಮಹಶೀರಿಗೆ ಬೆನ್ನ ಮೇಲೆ ಗೂನು, ಕೆಂಪು ಕಿತ್ತಳೆ ಛಾಯೆಯ ಈಜುರೆಕ್ಕೆ. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೊ ತೂಗಿತು. ನಿಮ್ಮಲ್ಲಿ ಅನೇಕರಿಗಿಂತ ಹೆಚ್ಚು ತೂಕ! ಸ್ವಾತಂತ್ರ್ಯದ ನಂತರ ಈ ಮೀನು ಮುಗಿದೇ ಹೋಯಿತು ಎಂದು ಹೊರಗಿನವರು ನಂಬಿದ್ದರು. 1977-78ರಲ್ಲಿ ಮೂವರು ಇಂಗ್ಲಿಷ್ ಯುವಕರು ಬಂದು ಹುಡುಕಿ ಹಿಡಿದ ಮೇಲೆ ಮತ್ತೆ ಆಟ ಚಿಗುರಿತು. ಕಾವೇರಿಯ ದಂಡೆಯಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳು ಎದ್ದವು. ಹರಿಗೋಲಿನಲ್ಲಿ ಕುಳಿತು, ರಾಗಿ ಹಿಟ್ಟಿನ ಮುದ್ದೆಯನ್ನು ಗಾಳಕ್ಕೆ ಚುಚ್ಚಿ ಹಾಕುವುದು ಅಲ್ಲಿನ ಕ್ರಮ. ದೇಶ ವಿದೇಶದವರು ದುಡ್ಡು ಕೊಟ್ಟು ಬರುತ್ತಿದ್ದರು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನದಿಗೇ ಬಿಡಬೇಕು. ಮೊದಲು ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಕೆಲವರಿಗೆ ಅಲ್ಲಿ ಮಾರ್ಗದರ್ಶಕರ, ಕಾವಲುಗಾರರ ಕೆಲಸ ಸಿಕ್ಕಿತು. ಜೀವಂತ ಮೀನು ಸತ್ತ ಮೀನಿಗಿಂತ ಹೆಚ್ಚು ಸಂಬಳ ತರುತ್ತದೆ ಎಂದು ಅವರಿಗೆ ಮನವರಿಕೆಯಾಯಿತು.

ಈಗ ಆರಂಭದ ಆ ಬಲೆಯ ವಾಕ್ಯಕ್ಕೆ ಬನ್ನಿ. ಗಾಳಿಬೋರೆ ಶಿಬಿರದ ಪುಸ್ತಕಗಳಲ್ಲಿ 1998ರಿಂದ 2012ರವರೆಗಿನ ಲೆಕ್ಕವಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಅದನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆ ಗಾಳ ಹಾಕಿ 6,161 ಮಹಶೀರ್ ಹಿಡಿದು ಬಿಟ್ಟಿದ್ದರು. ಅತಿ ಚಿಕ್ಕದು ಅರ್ಧ ಕಿಲೊಗೂ ಕಡಿಮೆ, ಅತಿ ದೊಡ್ಡದು 46.8 ಕಿಲೊ. ಭಾಗಿಸಿ ನೋಡಿ, ಸರಾಸರಿ ಒಂದು ಮೀನಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಒಂದು ಗಂಟೆಯ ಶ್ರಮಕ್ಕೆ ಎಷ್ಟು ಮೀನು ಎಂಬ ಈ ಅಂಕಿಯೇ ಪಾಠದಲ್ಲಿ ಹೇಳಿದ ಬಲೆಯ ಲೆಕ್ಕ. ವರ್ಷದಿಂದ ವರ್ಷಕ್ಕೆ ಅದು ಏರಿದರೆ ಮೀನು ಹೆಚ್ಚಿದೆ ಎಂದರ್ಥ, ಇಳಿದರೆ ಕಡಿಮೆಯಾಗಿದೆ.

ಅಂಕಿ ಏರುತ್ತಿತ್ತು. ಎಲ್ಲರೂ ಖುಷಿಪಡಬೇಕಾದ ಸುದ್ದಿ. ಆದರೆ ಪುಸ್ತಕದಲ್ಲಿ ಮೀನುಗಳನ್ನು ಎರಡು ಬಗೆಯಾಗಿ ಬೇರೆ ಬರೆದಿದ್ದರಿಂದ ನಿಜ ಬಯಲಾಯಿತು. ಏರಿದ್ದು ನೀಲಿ ರೆಕ್ಕೆಯ ಮಹಶೀರ್ ಸಂಖ್ಯೆ, ಅದರ ಸರಾಸರಿ ತೂಕ ಇಳಿಯುತ್ತಿತ್ತು, ಅಂದರೆ ಮರಿಗಳು ಯಥೇಚ್ಛ. ಗೂನು ಬೆನ್ನಿನದು ಸಿಗುವುದೇ ಅಪರೂಪವಾಯಿತು, ಸಿಕ್ಕವುಗಳ ಸರಾಸರಿ ತೂಕ ಮಾತ್ರ ಏರುತ್ತಿತ್ತು. ತೂಕ ಏರುವುದು ಒಳ್ಳೆಯದಲ್ಲವೇ ಎಂದು ತರಗತಿಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ಹೌದು ಎನ್ನುತ್ತಾರೆ. ವಯಸ್ಸಿನ ಪಿರಮಿಡ್ ಚಿತ್ರ ನೆನಪಿಸಿಕೊಳ್ಳಿ. ಬುಡ ಅಗಲವಿದ್ದರೆ ಬೆಳೆಯುವ ಸಮೂಹ, ಬುಡ ಸಣ್ಣದಾಗಿ ಮೇಲೆ ದಪ್ಪವಿದ್ದರೆ ಕುಗ್ಗುವ ಸಮೂಹ. ಮುದುಕರಷ್ಟೇ ಉಳಿದ, ತೊಟ್ಟಿಲು ಕಟ್ಟದ ಊರಿನಂತಾಗಿತ್ತು ಗೂನು ಬೆನ್ನಿನ ಮೀನಿನ ಸ್ಥಿತಿ. ಬರೀ ಮಹಶೀರ್ ಎಂದು ಒಂದೇ ಕಾಲಂನಲ್ಲಿ ಬರೆದಿದ್ದರೆ ಒಟ್ಟು ಸಂಖ್ಯೆ ನೋಡಿ ಎಲ್ಲ ಸರಿಯಿದೆ ಎಂದೇ ಅಂದುಕೊಳ್ಳುತ್ತಿದ್ದೆವು.

ಹಾಗಾದರೆ ಈ ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಇಲ್ಲಿದೆ ನಮ್ಮ ಸೀಮೆಯ ನಂಟು. ಅದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ಪುಣೆ ಬಳಿಯ ಮುಳಾ-ಮುಠಾ ನದಿಯ ಮೀನು ನೋಡಿ ಆ ಹೆಸರಿಟ್ಟರು. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ. ನಮ್ಮ ಮಲಪ್ರಭೆಯೂ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಅದೇ ಕೃಷ್ಣೆಗೆ ಸೇರುತ್ತದೆ. ಅಂದರೆ ಖುದ್ರೀ ನಮ್ಮ ಕೃಷ್ಣಾ ಕೊಳ್ಳದ ಮೀನು. ಮಹಶೀರ್ ಅಳಿಯುತ್ತಿದೆ ಎಂಬ ಕಳಕಳಿಯಿಂದ ಮಹಾರಾಷ್ಟ್ರದ ಲೋನಾವಳಾದಲ್ಲಿರುವ ಟಾಟಾ ಕಂಪನಿಯ ಕೇಂದ್ರದಲ್ಲಿ ಇದರ ಮರಿ ಮಾಡುವ ವಿಧಾನ ಕಂಡುಕೊಂಡರು. 1970ರ ದಶಕದಿಂದ ಆ ಮರಿಗಳು ಕಾವೇರಿಗೂ ಬಂದವು. ಎಲ್ಲ ಮಹಶೀರೂ ಒಂದೇ ಎಂಬ ಭಾವನೆ ಆಗ. ಉದ್ದೇಶ ಒಳ್ಳೆಯದು, ಆದರೆ ಕೃಷ್ಣೆಯ ಮೀನು ಕಾವೇರಿಯಲ್ಲಿ ಪರಕೀಯ. ಪರಕೀಯ ಎಂದರೆ ಸಮುದ್ರ ದಾಟಿಯೇ ಬರಬೇಕೆಂದಿಲ್ಲ, ಬೇರೆ ಕೊಳ್ಳದಿಂದ ಬಂದರೂ ಸಾಕು. ಆಟಗಾರರಿಗೂ ಆಗ ಅನುಮಾನ ಬರಲಿಲ್ಲ, ಗಾಳಕ್ಕೆ ಮೀನು ಸಿಗುತ್ತಿತ್ತಲ್ಲ!

ಗೂನು ಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಹೊಂದಿಸಿದ್ದೇ 2018ರಲ್ಲಿ. ಕೇರಳದ ಪಾಂಬಾರ್ ನದಿಯಿಂದ ಅದಕ್ಕೂ ಮೊದಲೇ ವಿವರಿಸಿದ್ದ ಟಾರ್ ರೆಮದೇವಿಯೇ ಇದು ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಐಯುಸಿಎನ್ ಅದನ್ನು ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಿತು. ನೂರೈವತ್ತು ವರ್ಷ ಜಗತ್ತೆಲ್ಲ ಹೊಗಳಿದ ಮೀನಿಗೆ ಹೆಸರಿಲ್ಲದೆ ಅಳಿವಿನ ಅಂಚು ಮುಟ್ಟುವ ಸ್ಥಿತಿ. ಇದಕ್ಕೆ ನೀಲಿ ರೆಕ್ಕೆಯದೊಂದೇ ಕಾರಣ ಎನ್ನಲಾಗದು. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು, ಬೇಸಿಗೆಯಲ್ಲಿ ಬತ್ತುವ ಹರಿವು, ಎಲ್ಲವೂ ಇವೆ. ಹಿಡಿದು ಬಿಡುವ ಆಟದ ಪಾಲು ಇದರಲ್ಲಿ ಚಿಕ್ಕದೆಂದೇ ನನ್ನ ತಿಳಿವಳಿಕೆ. ಮರಿ ಬಿಟ್ಟದ್ದರ ಪಾಲು ದೊಡ್ಡದು.

ಆ ಹರಿವಿನ ಬಹುಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯ ವ್ಯಾಖ್ಯೆಗೆ ಬರುತ್ತದೆ. ಆ ಆಧಾರದ ಮೇಲೆ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು. ಕಾನೂನಿನ ದೃಷ್ಟಿಯಿಂದ ಸರಿಯೇ, ಅಭಯಾರಣ್ಯ ಎಂದ ಮೇಲೆ ಮೀನಿಗೂ ಅಭಯ ಇರಬೇಡವೇ? ಕಾವಲುಗಾರರು ಹೋದ ಮೇಲೆ ಸಿಡಿಮದ್ದಿನವರು ಮರಳಿದರು ಎಂದು ಶಿಬಿರಗಳ ಪರವಾಗಿದ್ದವರು ಹೇಳುತ್ತಾರೆ. ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ನನಗೆ ಹೆಚ್ಚು ಕಾಡುವುದು ಬೇರೆ: ಗಾಳದ ಜೊತೆ ಆ ಲೆಕ್ಕದ ಪುಸ್ತಕವೂ ನಿಂತಿತು. ಗೂನು ಬೆನ್ನಿನ ಮೀನು ಕರಗುತ್ತಿದೆ ಎಂದು ಜಗತ್ತಿಗೆ ತಿಳಿದದ್ದೇ ಆಟಗಾರರು ಬರೆದಿಟ್ಟ ಪುಸ್ತಕದಿಂದ. ನಿಷೇಧಿಸುವಾಗ ಆ ಎಣಿಕೆಯನ್ನು ಬೇರೆ ಯಾರಾದರೂ ಮುಂದುವರಿಸುವ ಏರ್ಪಾಡನ್ನೂ ಜೊತೆಗೇ ಮಾಡಬೇಕಿತ್ತು.

ಇನ್ನು ಆ ಹುಡುಗನ ಮೊದಲ ಪ್ರಶ್ನೆ: ತಿನ್ನದಿದ್ದರೆ ಹಿಡಿಯುವುದೇಕೆ? ಇದು ಉಲೇಮಾಗಳು ಹೇಳಬೇಕಾದ ಮಾತು, ನಾನು ಜೀವಶಾಸ್ತ್ರದ ಮಾಸ್ತರ. ಆದರೂ ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತೇನೆ. ನೀರಿನ ಬೇಟೆಯನ್ನು ಆಹಾರಕ್ಕಾಗಿ ಕುರ್‌ಆನ್ ಅನುಮತಿಸಿದೆ, ಹಜ್ಜಿನ ಇಹ್ರಾಮಿನಲ್ಲಿದ್ದಾಗಲೂ. ಆದರೆ ಜೀವವಿರುವುದನ್ನು ಬರೀ ಗುರಿಯಾಟದ ವಸ್ತು ಮಾಡುವುದನ್ನು, ಒಂದು ಗುಬ್ಬಿಯನ್ನಾದರೂ ಸುಮ್ಮನೆ ಕೊಲ್ಲುವುದನ್ನು ಹದೀಸ್‌ಗಳು ಖಂಡಿಸುತ್ತವೆ. ಮೀನಿಗೆ ನೋವಾಗುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ, ಆದರೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅದರ ರಕ್ತದಲ್ಲಿ ಏರುವುದನ್ನು ಅಳೆದಿದ್ದಾರೆ. ಮನೆ ನಡೆಸಲು ಬಲೆ ಹಾಕುವ ಆ ಹುಡುಗನ ತಂದೆಗೂ, ಮೋಜಿಗಾಗಿ ಗಾಳ ಹಾಕುವವನಿಗೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಹಾಗೆಂದು ಮೋಜಿನವನನ್ನು ಓಡಿಸಿದರೆ ಮೀನು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯೂ ನನಗಿಲ್ಲ.

ಹಿಡಿಯದೆಯೇ ಉಳಿಸಿದ ಉದಾಹರಣೆಗಳೂ ನಮ್ಮಲ್ಲಿವೆ. ಶೃಂಗೇರಿಯಲ್ಲಿ ತುಂಗೆಯ, ಶಿಶಿಲದಲ್ಲಿ ಕಪಿಲೆಯ ಮಹಶೀರುಗಳನ್ನು ದೇವರ ಮೀನು ಎಂದು ಯಾರೂ ಮುಟ್ಟುವುದಿಲ್ಲ. ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಬಾಯಜೀದ್ ಬಸ್ತಾಮಿ ದರ್ಗಾದ ಕೊಳದಲ್ಲಿ ಕಪ್ಪು ಮೆತ್ತನೆ ಚಿಪ್ಪಿನ ಆಮೆಗಳಿವೆ. ಕಾಡಿನಲ್ಲಿ ಅಳಿದೇ ಹೋದವು ಎಂದು ಬಹುಕಾಲ ಎಣಿಸಿದ್ದ ಜಾತಿ ಅದು. ಅದೇ ಆಮೆ ಅಸ್ಸಾಮಿನ ದೇವಸ್ಥಾನಗಳ ಕೊಳಗಳಲ್ಲೂ ಉಳಿದಿದೆ. ದರ್ಗಾ ಒಂದು ಕಡೆ, ದೇವಸ್ಥಾನ ಇನ್ನೊಂದು ಕಡೆ, ಉಳಿದದ್ದು ಒಂದೇ ಜೀವಿ.

ಕೊನೆಗೆ ನಮ್ಮ ನೀರಿನ ವಿಷಯ. ನವಿಲುತೀರ್ಥದ ಅಣೆಕಟ್ಟಿನ ಹಿಂದಿನ ರೇಣುಕಾಸಾಗರದಲ್ಲಿ ಬಾಸ್ ಇಲ್ಲ, ಪಂದ್ಯವೂ ಇಲ್ಲ. ಆದರೆ ನಮ್ಮ ಸಂತೆಗಳ ಮೀನಿನ ಬುಟ್ಟಿಯಲ್ಲಿ ಹೆಚ್ಚಾಗಿ ಕಾಣುವ ಕಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಸೀಮೆಯ ಮೀನುಗಳು. ಜಲಾಶಯಗಳಿಗೆ ಮರಿ ತಂದು ಬಿಟ್ಟು ಬೆಳೆಸಿದ್ದು. ಟಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು. ಇವುಗಳಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಇವುಗಳ ನಡುವೆ ಮಲಪ್ರಭೆಯ ಸ್ವಂತ ಮೀನುಗಳು ಎಷ್ಟು ಉಳಿದಿವೆ? ಎಲ್ಲೋ ಸಿಡಿಮದ್ದು ಹಾಕಿದರು, ವಿಷ ಬೆರೆಸಿದರು ಎಂಬ ಮಾತು ಕೇಳಿದರೆ ನೆನಪಿರಲಿ: 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಎರಡೂ ಅಪರಾಧ. ಸಿಡಿಮದ್ದು ದೊಡ್ಡದು ಚಿಕ್ಕದು ನೋಡುವುದಿಲ್ಲ, ಮರಿ ಮೊಟ್ಟೆ ಎಲ್ಲವೂ ಹೋಗುತ್ತವೆ.

ಗಾಳಿಬೋರೆಯವರು ಮಾಡಿದ ಕೆಲಸವನ್ನು ಗಾಳವಿಲ್ಲದೆ ನಾವೂ ಮಾಡಬಹುದು. ಸವದತ್ತಿ, ಮುನವಳ್ಳಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಕಡೆಯಿಂದ ಬರುವವರು ಸಂತೆಯ ದಿನ ಮೀನಿನ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಮಾರುವವರನ್ನು ಅಣ್ಣಾ, ಅಕ್ಕಾ ಎಂದು ಗೌರವದಿಂದ ಕೇಳಿ, ವ್ಯಾಪಾರಕ್ಕೆ ಅಡ್ಡಿಯಾಗಬೇಡಿ. ತಾರೀಖು, ಸಂತೆಯ ಹೆಸರು, ಮೀನಿಗೆ ಅವರು ಹೇಳುವ ಊರ ಹೆಸರು, ಬುಟ್ಟಿಯಲ್ಲಿ ಎಷ್ಟಿವೆ, ತಲೆಯಿಂದ ಬಾಲದವರೆಗೆ ಉದ್ದ ಎಷ್ಟು, ಯಾವ ನೀರಿನದು, ಎಷ್ಟು ಹೊತ್ತು ಬಲೆ ಹಾಕಿದ್ದರು, ಇಷ್ಟು ಬರೆಯಿರಿ. ಬಗೆ ಬಗೆಯಾಗಿ ಬೇರೆ ಬೇರೆ ಬರೆಯಿರಿ, ಸುಮ್ಮನೆ ಮೀನು ಎಂದು ಒಂದೇ ಕಾಲಂ ಮಾಡಬೇಡಿ. ಹೆಸರು ಗೊತ್ತಾಗದಿದ್ದರೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆದು ತನ್ನಿ. 30 ಸೆಂಟಿಮೀಟರ್ ಸ್ಕೇಲ್ ಸಾಲದೆ ಹೋದರೆ ದಾರದಲ್ಲಿ ಅಳೆಯಿರಿ. ಹಾಳೆಗಳನ್ನು ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯ ಪಕ್ಕದ ಕಪಾಟಿನಲ್ಲಿ ಹಸಿರು ಫೈಲಿನೊಳಗೆ ಇಡಬೇಕು. ಮುನವಳ್ಳಿ ಕಡೆಯ ಆ ವಿದ್ಯಾರ್ಥಿ ಮೊದಲ ಹಾಳೆ ಕೊಟ್ಟಾಗಿದೆ. ಅದರಲ್ಲಿ ಹನ್ನೊಂದು ಮೀನುಗಳಿವೆ, ಎರಡರ ಹೆಸರು ನನಗೂ ಗೊತ್ತಾಗಿಲ್ಲ.